ಆಂಪ್ ಮಾಡೆಲರ್ ಅನ್ನೇ ರೆಕಾರ್ಡಿಂಗ್ ಇಂಟರ್‌ಫೇಸ್ ಮಾಡಿಕೊಳ್ಳುವುದು: ಕೇಬಲ್‌ನಿಂದ ರೀಆಂಪಿಂಗ್‌ವರೆಗೆ

ನಿಮ್ಮ ಹತ್ರ ಆಂಪ್ ಮಾಡೆಲರ್ (ಗಿಟಾರ್ ಆಂಪ್ಲಿಫೈಯರ್, ಎಫೆಕ್ಟ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಡಬ್ಬಿ) ಇದ್ದರೆ, ಬೇರೆ ಆಡಿಯೋ ಇಂಟರ್‌ಫೇಸ್ (ವಾದ್ಯದ ಸದ್ದನ್ನು ಕಂಪ್ಯೂಟರ್‌ಗೆ ಇಳಿಸುವ ಸಾಧನ) ಕೊಳ್ಳುವ ಮುಂಚೆ ಮಾಡೆಲರ್‌ನ ಹಿಂಭಾಗವನ್ನು ಒಮ್ಮೆ ನೋಡಿ. ಅಲ್ಲಿ ಒಂದು ಯುಎಸ್‌ಬಿ ಸಾಕೆಟ್ ಇರುತ್ತದೆ. ಅದು ಪ್ರಿಸೆಟ್ (ಉಳಿಸಿಟ್ಟ ಸದ್ದಿನ ಸೆಟ್ಟಿಂಗ್) ತುಂಬೋಕೆ, ಫರ್ಮ್‌ವೇರ್ (ಯೂನಿಟ್ ಒಳಗಿನ ಸಾಫ್ಟ್‌ವೇರ್) ಹಾಕೋಕೆ ಮಾತ್ರ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಎಷ್ಟೋ ತಿಂಗಳು ಯೂನಿಟ್‌ನ ಔಟ್‌ಪುಟ್‌ನಿಂದ ಕೇಬಲ್ ಎಳೆದು ಇನ್ನೊಂದು ಚಿಕ್ಕ ಇಂಟರ್‌ಫೇಸ್‌ಗೆ ಕೊಟ್ಟು, ಅಲ್ಲಿಂದ ಲ್ಯಾಪ್‌ಟಾಪ್‌ಗೆ ಕಳಿಸುತ್ತಿದ್ದೆ. ಗಿಟಾರ್ ಸದ್ದು ಒಮ್ಮೆ ಡಿಜಿಟಲ್ ಆಗಿ, ಮತ್ತೆ ಅನಲಾಗ್ ಆಗಿ, ಮತ್ತೆ ಡಿಜಿಟಲ್ ಆಗುತ್ತಿತ್ತು. ಒಂದು ಯುಎಸ್‌ಬಿ ಕೇಬಲ್ ಚುಚ್ಚಿದ್ದರೆ ಮುಗಿಯುತ್ತಿದ್ದ ಕೆಲಸ ಅದು.

ಈ ಬರಹದಲ್ಲಿ ಒಂದೇ ಯೂನಿಟ್ ಹಿಡಿದುಕೊಂಡು ಹೋಗುತ್ತೇನೆ: ಲೈನ್ 6 ಕಂಪನಿಯ ಎಚ್‌ಎಕ್ಸ್ ಸ್ಟಾಂಪ್. 2018ರಲ್ಲಿ ಬಂದ ಚಿಕ್ಕ ಪೆಡಲ್ ಇದು. ಇದೇ ಕಂಪನಿ 1998ರಲ್ಲಿ ಪಾಡ್ ಅನ್ನುವ ಅವರೆಕಾಳಿನ ಆಕಾರದ ಕೆಂಪು ಡಬ್ಬಿ ತಂದಿತ್ತು. ಮನೆಯಲ್ಲಿ ಆಂಪ್ ಇಲ್ಲದೆ ಗಿಟಾರ್ ರೆಕಾರ್ಡ್ ಮಾಡುವ ಅಭ್ಯಾಸ ಲಕ್ಷಾಂತರ ಜನರಿಗೆ ಹತ್ತಿದ್ದು ಅಂಥ ಡಬ್ಬಿಗಳಿಂದಲೇ. ಆ ಪಾಡ್‌ನಲ್ಲಿ ಯುಎಸ್‌ಬಿ ಇರಲಿಲ್ಲ. ಈಗಿನ ಮಾಡೆಲರ್‌ಗಳಲ್ಲಿ ಬಹುತೇಕ ಎಲ್ಲದರಲ್ಲೂ ಇದೆ. ನಿಮ್ಮದು ಬಾಸ್, ಮೂಯರ್, ವಾಲೆಟನ್, ಹೋಟೋನ್ ಯಾವುದೇ ಕಂಪನಿಯದಾಗಿದ್ದರೂ ದಾರಿ ಒಂದೇ, ಮೆನುವಿನ ಹೆಸರುಗಳು ಬೇರೆ. ಆದರೆ ಮ್ಯಾನ್ಯುಯಲ್‌ನಲ್ಲಿ "ಯುಎಸ್‌ಬಿ ಆಡಿಯೋ" ಅನ್ನುವ ಮಾತು ಇದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಕೆಲವು ಅಗ್ಗದ ಯೂನಿಟ್‌ಗಳ ಯುಎಸ್‌ಬಿಯಲ್ಲಿ ಸದ್ದು ಹರಿಯುವುದಿಲ್ಲ, ಬರೀ ಎಡಿಟಿಂಗ್ ಅಷ್ಟೇ.

ಒಂದು ಕೇಬಲ್, ಹಲವು ದಾರಿ

ಶುರು ಮಾಡುವ ಮುಂಚೆ ಇದೊಂದು ಅರ್ಥವಾದರೆ ಮಿಕ್ಕಿದ್ದೆಲ್ಲ ಸಲೀಸು. ಎಚ್‌ಎಕ್ಸ್ ಸ್ಟಾಂಪ್‌ನ ಒಂದು ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರ್ ಕಡೆಗೆ 8 ಚಾನೆಲ್, ವಾಪಸ್ 8 ಚಾನೆಲ್ ಓಡುತ್ತವೆ. ನಮಗೆ ಬೇಕಾದವು ಮೂರು ಜೋಡಿ.

ಯುಎಸ್‌ಬಿ 1 ಮತ್ತು 2 ಅಂದರೆ ಪ್ರಿಸೆಟ್ ಪೂರ್ತಿ ದಾಟಿ ಬಂದ ಸದ್ದು. ಡ್ರೈವ್ (ಸದ್ದನ್ನು ಒಡೆಯುವ ಎಫೆಕ್ಟ್), ಆಂಪ್, ಕ್ಯಾಬ್ (ಆಂಪ್‌ನ ಸ್ಪೀಕರ್ ಡಬ್ಬಿ), ರಿವರ್ಬ್ (ಕೋಣೆಯ ಗುಂಜು) ಎಲ್ಲ ಸೇರಿದ್ದು, ಸ್ಟೀರಿಯೋದಲ್ಲಿ. ಯುಎಸ್‌ಬಿ 5 ಮತ್ತು 6 ಅಂದರೆ ಇನ್‌ಪುಟ್ ಜ್ಯಾಕ್‌ಗೆ ಬಂದ ಹಾಗೆಯೇ ಇರುವ ಸದ್ದು. ಯಾವ ಎಫೆಕ್ಟೂ ಮುಟ್ಟದ ಬರಿ ಗಿಟಾರ್. ಇದನ್ನೇ ಡ್ರೈ ಅಥವಾ ಡಿಐ ಅನ್ನುತ್ತಾರೆ. ಗಿಟಾರ್ ಅನ್ನು ಎಡ ಇನ್‌ಪುಟ್‌ಗೆ ಚುಚ್ಚಿದ್ದರೆ ಅದು 5ನೇ ಚಾನೆಲ್‌ನಲ್ಲಿ ಸಿಗುತ್ತದೆ. ಇನ್ನು ಯುಎಸ್‌ಬಿ 3 ಮತ್ತು 4 ಅನ್ನು ವಾಪಸ್ ದಾರಿಯಾಗಿ ಇಟ್ಟುಕೊಳ್ಳುತ್ತೇವೆ. ಉಳಿಸಿಟ್ಟ ಡ್ರೈ ಸದ್ದನ್ನು ಮತ್ತೆ ಯೂನಿಟ್ ಒಳಗೆ ಕಳಿಸಿ ಬೇರೆ ಆಂಪ್ ಹಾಕಿಸಿಕೊಂಡು ಬರೋಕೆ. ಇದಕ್ಕೇ ರೀಆಂಪಿಂಗ್ ಅನ್ನುತ್ತಾರೆ.

ನನ್ನ ಇಡೀ ಕ್ರಮ ಇಷ್ಟೇ: ಕಿವಿಗೆ ಯೂನಿಟ್‌ನ ಸದ್ದು ನೇರವಾಗಿ ಕೇಳಿಸಿಕೊಳ್ಳಬೇಕು. ಡಿಸ್ಕ್‌ಗೆ ಎರಡನ್ನೂ ಇಳಿಸಬೇಕು, ಬಣ್ಣ ಹಚ್ಚಿದ್ದೂ, ಬಣ್ಣ ಇಲ್ಲದ್ದೂ.

ಏನೇನು ಬೇಕು

ಯೂನಿಟ್, ಅದರದೇ ಅಡಾಪ್ಟರ್, ಪ್ರಿಂಟರ್‌ಗೆ ಬಳಸುವಂಥ ಚೌಕ ತಲೆಯ ಯುಎಸ್‌ಬಿ ಕೇಬಲ್, ಕಿವಿ ಮುಚ್ಚುವ ಹೆಡ್‌ಫೋನ್, ಲ್ಯಾಪ್‌ಟಾಪ್. ಅಡಾಪ್ಟರ್ ಬಗ್ಗೆ ಒಂದು ಮಾತು. ಎಚ್‌ಎಕ್ಸ್ ಸ್ಟಾಂಪ್‌ಗೆ 9 ವೋಲ್ಟ್, 3 ಆಂಪಿಯರ್ ಬೇಕು. ಮಾಮೂಲಿ ಪೆಡಲ್ ಅಡಾಪ್ಟರ್‌ನಲ್ಲೂ 9 ವೋಲ್ಟ್ ಅಂತಲೇ ಬರೆದಿರುತ್ತದೆ. ಆದರೆ ಅದು ಇಷ್ಟು ಕರೆಂಟ್ ಕೊಡಲಾರದು. ಹೆಡ್‌ಫೋನ್ ಪಿನ್ ಕೆಲವು ಯೂನಿಟ್‌ಗಳಲ್ಲಿ ದಪ್ಪ, ಕೆಲವುಗಳಲ್ಲಿ ಸಣ್ಣದು. ಪಿನ್ ಬದಲಿಸುವ ಕನೆಕ್ಟರ್ ಒಂದು ಡ್ರಾಯರ್‌ನಲ್ಲಿ ಇರಲಿ.

ರೆಕಾರ್ಡಿಂಗ್ ಸಾಫ್ಟ್‌ವೇರ್ ಯಾವುದಾದರೂ ಆಗುತ್ತದೆ. ನಾನು ರೀಪರ್ ಬಳಸುತ್ತೇನೆ. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಆಮೇಲೆ ಮನೆ ಬಳಕೆಗೆ 60 ಡಾಲರ್. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಮತ್ತು ಚಾನೆಲ್‌ಗಳನ್ನು ಬೇಕಾದ ಕಡೆ ಕಳಿಸುವುದು ಇದರಲ್ಲಿ ತುಂಬ ಸುಲಭ. ರೀಆಂಪಿಂಗ್ ಮಾಡುವಾಗ ಅದೇ ಮುಖ್ಯ.

ಹೆಜ್ಜೆ 1: ಡ್ರೈವರ್ ಮತ್ತು ಜೋಡಣೆ

ವಿಂಡೋಸ್ ಇದ್ದರೆ ಕೇಬಲ್ ಚುಚ್ಚುವ ಮುಂಚೆ ಲೈನ್ 6 ಸೈಟ್‌ನಿಂದ ಎಚ್‌ಎಕ್ಸ್ ಎಡಿಟ್ (ಪ್ರಿಸೆಟ್ ತಿದ್ದುವ ಸಾಫ್ಟ್‌ವೇರ್) ಇಳಿಸಿಕೊಂಡು ಹಾಕಿ. ಅದರ ಜೊತೆಗೇ ಏಸಿಯೋ ಡ್ರೈವರ್ ಬರುತ್ತದೆ. ಏಸಿಯೋ ಅಂದರೆ ವಿಂಡೋಸ್‌ನ ಮಾಮೂಲಿ ಸೌಂಡ್ ದಾರಿಯನ್ನು ಬಿಟ್ಟು, ಸಾಫ್ಟ್‌ವೇರ್ ನೇರವಾಗಿ ಯೂನಿಟ್ ಜೊತೆ ಮಾತಾಡುವ ದಾರಿ. ಮ್ಯಾಕ್‌ನಲ್ಲಿ 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ಗೆ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವ ಲೆಕ್ಕ) ಡ್ರೈವರ್ ಬೇಕಿಲ್ಲ, ಚುಚ್ಚಿದರೆ ಕಾಣಿಸಿಕೊಳ್ಳುತ್ತದೆ.

ಕೇಬಲ್ ಅನ್ನು ಲ್ಯಾಪ್‌ಟಾಪ್‌ಗೇ ನೇರ ಚುಚ್ಚಿ. ನಾಲ್ಕು ಸಾಕೆಟ್‌ನ ಅಗ್ಗದ ಹಬ್ ಮೂಲಕ ಕೊಟ್ಟರೆ ನಡುನಡುವೆ ಟಿಕ್ ಟಿಕ್ ಅನ್ನಬಹುದು, ಸದ್ದು ಕಡಿಯಬಹುದು. ಆಗ ಯೂನಿಟ್ ಕೆಟ್ಟಿದೆ ಅಂತ ಗಾಬರಿ ಆಗುತ್ತದೆ. ಕೆಟ್ಟಿರುವುದಿಲ್ಲ.

ಸ್ಯಾಂಪಲ್ ರೇಟ್ ಎಲ್ಲ ಕಡೆ 48 ಇರಲಿ. ಎಚ್‌ಎಕ್ಸ್ ಸ್ಟಾಂಪ್ ಒಳಗಿನ ಕೆಲಸವೆಲ್ಲ 48 ಕಿಲೋಹರ್ಟ್ಸ್‌ನಲ್ಲೇ ನಡೆಯುವುದು. ನೀವು 44.1 ಅಥವಾ 96 ಕೇಳಿದರೆ ಅದು ಪರಿವರ್ತನೆ ಮಾಡಿ ಕೊಡುತ್ತದೆ, ಅಷ್ಟೇ. 96 ಹಾಕಿದರೆ ಸದ್ದು ಎರಡರಷ್ಟು ಚೆನ್ನಾಗಿ ಬರಲ್ಲ, ಫೈಲ್ ಮಾತ್ರ ಎರಡರಷ್ಟು ದೊಡ್ಡದಾಗುತ್ತದೆ. ವಿಡಿಯೋಗೂ 48 ಸರಿಹೊಂದುತ್ತದೆ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಈ ಯೂನಿಟ್‌ಗೆ 44.1 ಅಂತ ಇದ್ದು, ರೀಪರ್‌ನಲ್ಲಿ 48 ಇದ್ದರೆ ಇಬ್ಬರೂ ಜಗಳಕ್ಕೆ ಬೀಳುತ್ತಾರೆ. ಅದನ್ನೂ ನೋಡಿಕೊಳ್ಳಿ.

ಹೆಜ್ಜೆ 2: ರೀಪರ್‌ಗೆ ಪರಿಚಯ ಮಾಡಿಸಿ

ಆಪ್ಷನ್ಸ್‌ನಲ್ಲಿ ಪ್ರಿಫರೆನ್ಸಸ್ ತೆರೆದು, ಆಡಿಯೋ ಕೆಳಗಿನ ಡಿವೈಸ್‌ಗೆ ಹೋಗಿ. ಆಡಿಯೋ ಸಿಸ್ಟಮ್ ಜಾಗದಲ್ಲಿ ಏಸಿಯೋ, ಡ್ರೈವರ್ ಜಾಗದಲ್ಲಿ ಎಚ್‌ಎಕ್ಸ್ ಸ್ಟಾಂಪ್ ಆರಿಸಿ. ಇನ್‌ಪುಟ್‌ಗಳನ್ನು ಚಾಲೂ ಮಾಡಿ, ಮೊದಲನೆಯದು 1, ಕೊನೆಯದು 8 ಅಂತ ಕೊಡಿ. ಔಟ್‌ಪುಟ್‌ಗೂ ಹಾಗೇ. ಇದನ್ನು ಎರಡೇ ಚಾನೆಲ್‌ಗೆ ಬಿಟ್ಟು, ಆಮೇಲೆ ಡ್ರೈ ಚಾನೆಲ್ ಕಾಣ್ತಾ ಇಲ್ಲ ಅಂತ ಹುಡುಕಾಡುವವರೇ ಜಾಸ್ತಿ.

ಈಗ ರೀಪರ್‌ನಲ್ಲಿ ಯಾವುದಾದರೂ ಹಾಡು ಪ್ಲೇ ಮಾಡಿ. ಅದು ಯೂನಿಟ್‌ಗೆ ಹಾಕಿದ ಹೆಡ್‌ಫೋನ್‌ನಲ್ಲಿ ಕೇಳಬೇಕು. ಇನ್ನು ಮೇಲೆ ರೀಪರ್‌ನ ಎಲ್ಲ ಸದ್ದೂ ಈ ಡಬ್ಬಿಯಿಂದಲೇ ಹೊರಗೆ ಬರುವುದು. ಸ್ಪೀಕರ್ ಇದ್ದರೆ ಅವನ್ನೂ ಯೂನಿಟ್‌ನ ಮುಖ್ಯ ಔಟ್‌ಪುಟ್‌ಗಳಿಗೇ ಜೋಡಿಸಿ, ಔಟ್‌ಪುಟ್ ಲೆವೆಲ್ ಅನ್ನು ಇನ್‌ಸ್ಟ್ರುಮೆಂಟ್‌ನಿಂದ ಲೈನ್‌ಗೆ ಬದಲಿಸಿ. ಯುಎಸ್‌ಬಿ 1 ಮತ್ತು 2ರಲ್ಲಿ ಕಂಪ್ಯೂಟರ್‌ನಿಂದ ಬರುವ ಹಾಡು ಪ್ರಿಸೆಟ್ ಒಳಗೆ ಹೋಗುವುದಿಲ್ಲ. ಹಾಗಾಗಿ ನಿಮ್ಮ ಡಿಸ್ಟಾರ್ಷನ್ ಹಾಡಿಗೆ ಅಂಟಿಕೊಳ್ಳಲ್ಲ.

ಹೆಜ್ಜೆ 3: ಎರಡು ಟ್ರ್ಯಾಕ್

ಎರಡು ಟ್ರ್ಯಾಕ್ ಮಾಡಿ. ಮೊದಲನೆಯದರ ಇನ್‌ಪುಟ್ ಸ್ಟೀರಿಯೋ, ಯುಎಸ್‌ಬಿ 1 ಮತ್ತು 2. ಎರಡನೆಯದು ಮೋನೋ, ಯುಎಸ್‌ಬಿ 5. ಎರಡನ್ನೂ ರೆಕಾರ್ಡ್‌ಗೆ ಆರ್ಮ್ ಮಾಡಿ, ಅಂದರೆ ರೆಕಾರ್ಡ್ ಆಗಲು ಸಿದ್ಧ ಮಾಡಿಡಿ. ಡ್ರೈ ಟ್ರ್ಯಾಕ್ ಮ್ಯೂಟ್ ಇರಲಿ. ಮ್ಯೂಟ್ ಇದ್ದರೂ ರೆಕಾರ್ಡ್ ಆಗುತ್ತದೆ. ಈ ಜೋಡಿಯನ್ನು ಟೆಂಪ್ಲೇಟ್ ಆಗಿ ಸೇವ್ ಮಾಡಿಕೊಂಡರೆ ಮುಂದಿನ ಸಲ ಬಂದು ಕೂತು ನುಡಿಸುವುದಷ್ಟೇ ಕೆಲಸ.

ಡ್ರೈ ಯಾಕೆ ಬೇಕು ಅಂತ ಕೇಳಬಹುದು. ಗೆಳೆಯನೊಬ್ಬನ ಹಾಡಿಗೆ ಒಮ್ಮೆ ರಾತ್ರಿಯೆಲ್ಲ ಕೂತು ಗಿಟಾರ್ ನುಡಿಸಿದ್ದೆ. ಬೆರಳು ಆವತ್ತು ಬಹಳ ಚೆನ್ನಾಗಿ ಓಡಿತ್ತು. ಪ್ರಿಸೆಟ್‌ನಲ್ಲಿ ಉದ್ದನೆಯ ರಿವರ್ಬ್ ಇತ್ತು, ಗೇನ್ (ಸದ್ದು ಒಡೆಯುವ ಮಟ್ಟ) ಕೂಡ ಮೇಲಿತ್ತು. ಒಬ್ಬನೇ ಕೇಳುವಾಗ ಸ್ವರ್ಗ. ಮರುವಾರ ತಬಲಾ, ಕೀಬೋರ್ಡ್, ದನಿ ಎಲ್ಲ ಸೇರಿದಾಗ ಗಿಟಾರ್ ಮಂಜಿನ ಹಾಗೆ ಹಬ್ಬಿ ದನಿಯನ್ನೇ ಮುಚ್ಚಿಬಿಟ್ಟಿತು. ರಿವರ್ಬ್ ಒಮ್ಮೆ ಸದ್ದಿನಲ್ಲಿ ಬೆರೆತರೆ ತೆಗೆಯೋಕೆ ಬರಲ್ಲ, ಸಾರಿಗೆ ಜಾಸ್ತಿಯಾದ ಉಪ್ಪಿನ ಹಾಗೆ. ಮತ್ತೆ ನುಡಿಸಿದೆ, ಆ ರಾತ್ರಿಯ ಕೈ ಬರಲಿಲ್ಲ. ಡ್ರೈ ಟ್ರ್ಯಾಕ್ ಒಂದಿದ್ದಿದ್ದರೆ ಅದೇ ಕೈಗೆ ಬೇರೆ ಆಂಪ್ ಹಾಕಿ ಕೊಡಬಹುದಿತ್ತು. ಆವತ್ತಿನಿಂದ ಡ್ರೈ ಇಲ್ಲದೆ ಒಂದು ನೋಟೂ ರೆಕಾರ್ಡ್ ಮಾಡಿಲ್ಲ.

ಡಿಸ್ಕ್ ತುಂಬುತ್ತೆ ಅನ್ನುವ ಚಿಂತೆ ಬೇಡ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ. ಸ್ಟೀರಿಯೋ ಮತ್ತು ಡ್ರೈ ಸೇರಿ 26 ಎಂಬಿ. ನಾಲ್ಕು ನಿಮಿಷದ ಹಾಡಿಗೆ ಹತ್ತು ಟೇಕ್ ತೆಗೆದರೂ ಒಂದು ಜಿಬಿ ಆಸುಪಾಸು.

ನಿಮ್ಮ ಯೂನಿಟ್‌ನಲ್ಲಿ ಎರಡೇ ಯುಎಸ್‌ಬಿ ಚಾನೆಲ್ ಇದ್ದರೆ? ಸಿಗ್ನಲ್ ದಾರಿಯನ್ನು ಎರಡಾಗಿ ಒಡೆಯುವ ಸೌಲಭ್ಯ ಇದ್ದರೆ, ಒಂದನ್ನು ಪೂರ್ತಿ ಎಡಕ್ಕೆ, ಒಂದನ್ನು ಪೂರ್ತಿ ಬಲಕ್ಕೆ ಕಳಿಸಿ. ಎಡದಲ್ಲಿ ಬರಿ ಗಿಟಾರ್, ಬಲದಲ್ಲಿ ಆಂಪ್ ಸದ್ದು. ಸ್ಟೀರಿಯೋ ಎಫೆಕ್ಟ್ ಕೈಬಿಡಬೇಕಾಗುತ್ತದೆ, ಆದರೆ ಡ್ರೈ ಉಳಿಯುತ್ತದೆ.

ಹೆಜ್ಜೆ 4: ಕಿವಿಗೆ ಒಂದೇ ಸದ್ದು ಬರಲಿ

ಹೊಸಬರನ್ನು ಅತಿ ಹೆಚ್ಚು ಕಾಡುವುದು ಈ ಹೆಜ್ಜೆ. ಲಕ್ಷಣ ಹೀಗಿರುತ್ತದೆ: ಯೂನಿಟ್ ಒಂದನ್ನೇ ನುಡಿಸಿದರೆ ಸದ್ದು ಚೆನ್ನಾಗಿದೆ. ರೀಪರ್‌ನಲ್ಲಿ ಟ್ರ್ಯಾಕ್ ಆರ್ಮ್ ಮಾಡಿದ ಕೂಡಲೇ ಗಿಟಾರ್ ಪೈಪ್ ಒಳಗಿಂದ ಬಂದ ಹಾಗೆ, ಅಥವಾ ಪ್ರತಿಧ್ವನಿ ಕೂಡಿದ ಹಾಗೆ ಕೇಳುತ್ತದೆ.

ಆಗುತ್ತಿರುವುದು ಇಷ್ಟು. ಗಿಟಾರ್ ಸದ್ದು ಯೂನಿಟ್‌ನಿಂದ ನೇರವಾಗಿ ನಿಮ್ಮ ಕಿವಿಗೆ ಬರುತ್ತಿದೆ. ಅದೇ ಸದ್ದು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಹೋಗಿ, ರೀಪರ್ ಒಳಗೆ ಸುತ್ತಿ, ಸ್ವಲ್ಪ ತಡವಾಗಿ ವಾಪಸ್ ಬಂದು ಮತ್ತೆ ಕೇಳುತ್ತಿದೆ. ಎರಡೂ ಬೆರೆತು ಕೆಲವು ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಮದ್ದು ಒಂದೇ: ಟ್ರ್ಯಾಕ್‌ನಲ್ಲಿರುವ ಮಾನಿಟರ್ ಬಟನ್, ಅಂದರೆ ಸ್ಪೀಕರ್ ಚಿತ್ರ ಇರುವುದನ್ನು, ಆಫ್ ಮಾಡಿ. ಎರಡೂ ಟ್ರ್ಯಾಕ್‌ನಲ್ಲಿ.

ಮಾಡೆಲರ್ ಅನ್ನು ಇಂಟರ್‌ಫೇಸ್ ಮಾಡಿಕೊಳ್ಳುವುದರ ದೊಡ್ಡ ಲಾಭ ಇರುವುದು ಇಲ್ಲೇ. ಮಾಮೂಲಿ ಇಂಟರ್‌ಫೇಸ್‌ನಲ್ಲಿ ಆಂಪ್ ಪ್ಲಗಿನ್ (ಆಂಪ್ ಅನುಕರಿಸುವ ಸಾಫ್ಟ್‌ವೇರ್) ಹಾಕಿ ನುಡಿಸಿದರೆ ಸದ್ದು ಲ್ಯಾಪ್‌ಟಾಪ್ ಸುತ್ತಿಕೊಂಡೇ ಬರಬೇಕು. ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಸಿಟ್ಟುಕೊಳ್ಳುವ ಸದ್ದಿನ ತುಂಡು) 128 ಸ್ಯಾಂಪಲ್ ಇದ್ದರೆ ಒಂದು ಕಡೆಗೆ 2.7 ಮಿಲಿಸೆಕೆಂಡ್, 512 ಇದ್ದರೆ 10.7, 1024 ಇದ್ದರೆ 21.3. ಹೋಗಿ ಬರೋಕೆ ಅದರ ಎರಡರಷ್ಟು. ಬಫರ್ ಇಳಿಸಿದರೆ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಟ್ಟು ಸದ್ದು ಪಟಪಟ ಅನ್ನುತ್ತದೆ. ಏರಿಸಿದರೆ ಬೆರಳಿಗೂ ಸದ್ದಿಗೂ ನಡುವೆ ಅಂತರ. ನಮಗೆ ಆ ಕಷ್ಟವೇ ಇಲ್ಲ. ಆಂಪ್ ಕೆಲಸವನ್ನೆಲ್ಲ ಯೂನಿಟ್ ಮಾಡುತ್ತಿದೆ, ನಾವು ಅದನ್ನೇ ನೇರ ಕೇಳುತ್ತಿದ್ದೇವೆ. ಬಫರ್ ಅನ್ನು 512ಕ್ಕೆ ಇಟ್ಟು ನೆಮ್ಮದಿಯಾಗಿ ನುಡಿಸಿ.

ಆರ್ಮ್ ಮಾಡಿದ ಮೇಲೂ ಅನುಮಾನ ಇದ್ದರೆ ಸುಲಭ ಪರೀಕ್ಷೆ ಇದೆ. ರೀಪರ್‌ನ ಮಾಸ್ಟರ್ ಫೇಡರ್ ಪೂರ್ತಿ ಕೆಳಗಿಳಿಸಿ ಗಿಟಾರ್ ನುಡಿಸಿ. ಸದ್ದು ಸ್ವಲ್ಪವೂ ಬದಲಾಗಬಾರದು.

ಹೆಜ್ಜೆ 5: ಲೆವೆಲ್

ಯೂನಿಟ್ ಮೇಲಿನ ವಾಲ್ಯೂಮ್ ನಾಬ್ ನಿಮ್ಮ ಕಿವಿಗೆ. ರೀಪರ್‌ಗೆ ಹೋಗುವ ಸದ್ದಿನ ಮಟ್ಟ ಪ್ರಿಸೆಟ್‌ನ ಕೊನೆಯ ಔಟ್‌ಪುಟ್ ಬ್ಲಾಕ್‌ನಲ್ಲಿ ಇರುತ್ತದೆ. ಇವೆರಡನ್ನು ಬೇರೆ ಬೇರೆ ಅಂತ ತಿಳಿದುಕೊಂಡರೆ ಅರ್ಧ ಗೊಂದಲ ಹೋಯಿತು. ಯೂನಿಟ್‌ನಿಂದ ಯೂನಿಟ್‌ಗೆ ಇದು ಬದಲಾಗಬಹುದು. ಹಾಗಾಗಿ ನಾಬ್ ತಿರುಗಿಸುತ್ತಾ ರೀಪರ್ ಮೀಟರ್ ನೋಡಿ, ಅಲುಗುತ್ತದೋ ಇಲ್ಲವೋ ತಿಳಿಯುತ್ತದೆ.

ನೀವು ನುಡಿಸಲಿರುವ ಹಾಡಿನ ಅತಿ ಜೋರಾದ ಭಾಗವನ್ನೇ ನುಡಿಸಿ. ಸುಮ್ನೆ ಎರಡು ಕಾರ್ಡ್ ಮೀಟಿ ಲೆವೆಲ್ ಇಡಬೇಡಿ. ರೆಕಾರ್ಡ್ ಕೆಂಪು ದೀಪ ಬಂದ ಮೇಲೆ ಎಲ್ಲರ ಕೈಯೂ ಜೋರಾಗುತ್ತದೆ. ಪ್ರೊಸೆಸ್ ಆದ ಟ್ರ್ಯಾಕ್‌ನ ಶಿಖರಗಳು ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ಇದ್ದರೆ ಸಾಕು. ಸೊನ್ನೆಯನ್ನು ಮುಟ್ಟಿದರೆ ಕ್ಲಿಪ್, ಅಂದರೆ ಸದ್ದಿನ ತುದಿ ಕತ್ತರಿಸಿಹೋಗುತ್ತದೆ, ಅದು ಸರಿಹೋಗಲ್ಲ. 16 ಬಿಟ್ ಕಾಲದಲ್ಲಿ ಮೀಟರ್ ತುಂಬಿಸು ಅನ್ನುತ್ತಿದ್ದರು. ಆಗ ಕೆಳಗಿನ ನಾಯ್ಸ್ ಹತ್ತಿರ ಇರುತ್ತಿತ್ತು. 24 ಬಿಟ್‌ನಲ್ಲಿ ಕೆಳಗೆ ಧಾರಾಳ ಜಾಗ ಇದೆ.

ಡ್ರೈ ಟ್ರ್ಯಾಕ್ ಕಣ್ಣಿಗೆ ಬಡಕಲಾಗಿ ಕಾಣುತ್ತದೆ. ಗಾಬರಿ ಬೇಡ. ಶಿಖರ ಮೈನಸ್ 18 ಹತ್ತಿರ ಇದ್ದರೂ ನಡೆಯುತ್ತದೆ. ಅದನ್ನು ಏರಿಸೋಕೆ ಹೋಗಬೇಡಿ, ಯಾಕೆ ಅನ್ನುವುದು ರೀಆಂಪಿಂಗ್ ಭಾಗದಲ್ಲಿ ಬರುತ್ತದೆ. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ತುಂಬ ಬಿಸಿ ಇದ್ದು, ಅಂದರೆ ಜೋರಾದ ಸಿಗ್ನಲ್ ಕೊಟ್ಟು, ಡ್ರೈ ಟ್ರ್ಯಾಕೇ ಕ್ಲಿಪ್ ಆಗುತ್ತಿದ್ದರೆ ಮಾತ್ರ ಗ್ಲೋಬಲ್ ಸೆಟ್ಟಿಂಗ್‌ನಲ್ಲಿ ಇನ್‌ಪುಟ್ ಮಟ್ಟ ಇಳಿಸಿ.

ಇನ್ನೊಂದು ಎಚ್ಚರಿಕೆ. ಗ್ಲೋಬಲ್ ಈಕ್ಯೂ (ಎಲ್ಲ ಪ್ರಿಸೆಟ್‌ಗೂ ಒಟ್ಟಿಗೆ ಬಾಸ್, ಟ್ರೆಬಲ್ ತಿದ್ದುವ ಸೆಟ್ಟಿಂಗ್) ಹಾಕಿಕೊಂಡಿದ್ದರೆ ಆಫ್ ಮಾಡಿ. ಅದು ಜ್ಯಾಕ್‌ನಿಂದ ಹೊರಬರುವ ಸದ್ದಿಗೆ ಮಾತ್ರ ಅನ್ವಯ, ಯುಎಸ್‌ಬಿಗೆ ಹೋಗಲ್ಲ. ನುಡಿಸುವಾಗ ಕೇಳಿದ್ದು ಒಂದು, ರೆಕಾರ್ಡ್ ಆದದ್ದು ಇನ್ನೊಂದು ಅಂತ ಆಗುತ್ತದೆ.

ಹೆಜ್ಜೆ 6: ರೆಕಾರ್ಡಿಂಗ್‌ಗೆ ಹೊಂದುವ ಸದ್ದು

ಸ್ಟೇಜ್‌ನಲ್ಲಿ ನಿಜವಾದ ಆಂಪ್‌ಗೆ ಚುಚ್ಚುವವರು ಕ್ಯಾಬ್ ಬ್ಲಾಕ್ ಆಫ್ ಮಾಡಿಟ್ಟಿರುತ್ತಾರೆ. ಯುಎಸ್‌ಬಿಗೆ ಅದು ಇರಲೇಬೇಕು. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ನುಡಿಯುವುದಿಲ್ಲ. ಡಿಸ್ಟಾರ್ಷನ್‌ನ ಚೂಪನ್ನೆಲ್ಲ ಅದೇ ಸೋಸುತ್ತದೆ. ಕ್ಯಾಬ್ ಇಲ್ಲದ ಡಿಸ್ಟಾರ್ಷನ್ ಜೇನ್ನೊಣಗಳ ಗೂಡಿಗೆ ಕಿವಿ ಇಟ್ಟ ಹಾಗೆ. ಕ್ಯಾಬ್ ಬ್ಲಾಕ್‌ನಲ್ಲೇ ಲೋ ಕಟ್ (ಅದಕ್ಕಿಂತ ಕೆಳಗಿನದನ್ನು ಸೋಸುವುದು) 80ರಿಂದ 100 ಹರ್ಟ್ಸ್, ಹೈ ಕಟ್ (ಅದಕ್ಕಿಂತ ಮೇಲಿನದನ್ನು ಸೋಸುವುದು) 6ರಿಂದ 8 ಕಿಲೋಹರ್ಟ್ಸ್ ಇಟ್ಟು ಶುರು ಮಾಡಿ. ಗಿಟಾರ್‌ನ ದಪ್ಪ ಇ ತಂತಿಯೇ 82 ಹರ್ಟ್ಸ್. ಅದಕ್ಕಿಂತ ಕೆಳಗಿನದು ಬಾಸ್ ಮತ್ತು ಡ್ರಮ್‌ನ ಜಾಗ.

ಕಡಿಮೆ ದನಿಯಲ್ಲಿ ಕೇಳುತ್ತಾ ಪ್ರಿಸೆಟ್ ಕಟ್ಟಿದರೆ ಬಾಸ್ ಮತ್ತು ಟ್ರೆಬಲ್ ಜಾಸ್ತಿ ಏರಿಸುತ್ತೇವೆ. ಮೆಲ್ಲಗಿನ ಸದ್ದಿನಲ್ಲಿ ಕಿವಿಗೆ ಅವೆರಡೂ ಕಮ್ಮಿ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಆದ್ದರಿಂದ ರಾತ್ರಿ ಕಟ್ಟಿದ ಪ್ರಿಸೆಟ್ ಅನ್ನು ಹಗಲಲ್ಲಿ ಮಾತಾಡುವಷ್ಟು ಜೋರಾಗಿ ಇನ್ನೊಮ್ಮೆ ಕೇಳಿ. ಗೇನ್ ಅನ್ನು ನಿಮಗೆ ಬೇಕು ಅನಿಸಿದ್ದಕ್ಕಿಂತ ಸ್ವಲ್ಪ ಇಳಿಸಿ. ಎರಡು ಗಿಟಾರ್ ಟ್ರ್ಯಾಕ್ ಸೇರಿದಾಗ ದಪ್ಪ ತಾನಾಗಿ ಬರುತ್ತದೆ.

ಗುಂಯ್ ಅನ್ನುವ ಸದ್ದು: ನಮ್ಮ ಮನೆಗಳ ಕರೆಂಟ್

ಮೈಕ್ ಇಲ್ಲದ್ದರಿಂದ ಫ್ಯಾನ್ ಸದ್ದು, ಪಕ್ಕದ ಮನೆಯ ಕುಕ್ಕರ್ ಸೀಟಿ, ಬೀದಿಯ ಹಾರ್ನ್ ಯಾವುದೂ ರೆಕಾರ್ಡ್ ಆಗಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇದು ಸಣ್ಣ ವರವಲ್ಲ. ಆದರೆ ಕರೆಂಟ್‌ನ ಸದ್ದು ಬರುತ್ತದೆ. ನಮ್ಮದು 50 ಹರ್ಟ್ಸ್ ಲೈನ್. ಹಾಗಾಗಿ ಗುಂಯ್ ಅನ್ನುವುದು 50, 100 ಹೀಗೆ ಕೇಳುತ್ತದೆ, ಮತ್ತು ಗೇನ್ ಅದನ್ನು ಹಿಗ್ಗಿಸುತ್ತದೆ.

ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಕಾರಣ ಚಾರ್ಜರ್ ಅಥವಾ ಅರ್ಥಿಂಗ್. ಲ್ಯಾಪ್‌ಟಾಪ್, ಯೂನಿಟ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಚುಚ್ಚಿ ಇನ್ನೊಮ್ಮೆ ನೋಡಿ. ಹಳೆಯ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಅರ್ಥ್ ತಂತಿ ಎಲ್ಲಿಗೂ ಹೋಗಿರುವುದಿಲ್ಲ. ಗಿಟಾರ್ ತಂತಿ ಮುಟ್ಟಿದಾಗ ಲ್ಯಾಪ್‌ಟಾಪ್‌ನ ಲೋಹದ ಮೈ ಜುಮ್ ಅಂದರೆ ಅದೇ ಗುರುತು. ಎಲೆಕ್ಟ್ರಿಷಿಯನ್ ಕರೆಸಿ. ಸದ್ದು ನಿಲ್ಲಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಜೀವಕ್ಕೆ ಇರುವ ಕಾವಲು ಅದು.

ಆಮೇಲೆ ಕೂರುವ ದಿಕ್ಕು. ಸಿಂಗಲ್ ಕಾಯಿಲ್ ಪಿಕಪ್ ಇದ್ದರೆ ಕುರ್ಚಿಯನ್ನು ನಿಧಾನವಾಗಿ ಸುತ್ತ ತಿರುಗಿಸಿ. ಒಂದು ದಿಕ್ಕಿನಲ್ಲಿ ಸದ್ದು ತೀರಾ ಕಮ್ಮಿಯಾಗುತ್ತದೆ. ಅಲ್ಲೇ ಕೂತು ನುಡಿಸಿ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಲೈಟ್ ಡಿಮ್ಮರ್, ಫೋನ್ ಚಾರ್ಜರ್ ಆಫ್ ಮಾಡಿ. ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಮೇಲೆ ಓಡುತ್ತಿರುವಾಗ ಝುರ್ ಅಂತ ಬರುತ್ತಿದ್ದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಆಗಿರಬಹುದು. ಕರೆಂಟ್ ಬರುವವರೆಗೆ ಅಭ್ಯಾಸ ಮಾಡುವುದೇ ಒಳ್ಳೆಯದು.

ಹೆಜ್ಜೆ 7: ಟೇಕ್

ಟ್ಯೂನ್ ಮಾಡಿ. ಪ್ರತಿ ಟೇಕ್‌ಗೂ ಮುಂಚೆ ಮಾಡಿ, ಟ್ಯೂನರ್ ಯೂನಿಟ್‌ನಲ್ಲೇ ಇದೆ. ಮೆಟ್ರೋನೋಮ್ ಆನ್ ಮಾಡಿ ಎರಡು ಬಾರ್ ಎಣಿಕೆ ಇಟ್ಟುಕೊಳ್ಳಿ. ತಪ್ಪಾದರೆ ನಿಲ್ಲಿಸಬೇಡಿ, ಕೊನೆಯವರೆಗೆ ನುಡಿಸಿ. ಆ ತಪ್ಪಿನ ಜಾಗಕ್ಕೆ ಬೇರೆ ಟೇಕ್‌ನಿಂದ ತುಂಡು ಸಿಗುತ್ತದೆ.

ರಿದಮ್ ಗಿಟಾರ್ ಅಗಲವಾಗಿ ಕೇಳಬೇಕಾದರೆ ಅದನ್ನೇ ಎರಡು ಸಲ ನುಡಿಸಿ, ಒಂದು ಎಡಕ್ಕೆ ಒಂದು ಬಲಕ್ಕೆ. ಒಂದೇ ಟ್ರ್ಯಾಕ್ ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಅಗಲ ಬರಲ್ಲ, ನಡುವಲ್ಲೇ ಜೋರಾಗುತ್ತದೆ ಅಷ್ಟೇ. ಎರಡು ಸಲ ನುಡಿಸಿದಾಗಿನ ಸಣ್ಣ ಸಣ್ಣ ವ್ಯತ್ಯಾಸವೇ ಆ ಅಗಲ.

ಹೆಜ್ಜೆ 8: ರೀಆಂಪಿಂಗ್

ಈಗ ಡ್ರೈ ಟ್ರ್ಯಾಕ್‌ನ ಉಪಯೋಗ. ಹಾಡೆಲ್ಲ ಸೇರಿದ ಮೇಲೆ ಗಿಟಾರ್ ಸದ್ದು ಹೊಂದುತ್ತಿಲ್ಲ ಅಂತಿಟ್ಟುಕೊಳ್ಳಿ. ನೀವು ಮತ್ತೆ ನುಡಿಸಬೇಕಿಲ್ಲ.

ಮೊದಲು ನಿಮ್ಮ ಪ್ರಿಸೆಟ್‌ನ ಒಂದು ನಕಲು ಮಾಡಿ, ಹೆಸರಿನ ಮುಂದೆ ರೀಆಂಪ್ ಅಂತ ಸೇರಿಸಿ. ಈ ನಕಲಿನಲ್ಲಿ ಇನ್‌ಪುಟ್ ಬ್ಲಾಕ್ ಅನ್ನು ಯುಎಸ್‌ಬಿ 3/4ಕ್ಕೆ ಬದಲಿಸಿ. ಈಗ ಯೂನಿಟ್ ಜ್ಯಾಕ್‌ನಿಂದ ಬರುವ ಗಿಟಾರ್ ಕೇಳುವುದಿಲ್ಲ, ಕಂಪ್ಯೂಟರ್‌ನಿಂದ ಬರುವುದನ್ನು ಕೇಳುತ್ತದೆ. ಮೂಲ ಪ್ರಿಸೆಟ್‌ನಲ್ಲೇ ಇದನ್ನು ಮಾಡಿ ಸೇವ್ ಮಾಡಿಬಿಟ್ಟರೆ ನಾಳೆ ಗಿಟಾರ್ ಚುಚ್ಚಿದಾಗ ಸದ್ದೇ ಇರಲ್ಲ, ಕೇಬಲ್ ಬದಲಿಸುತ್ತಾ ಕೂರಬೇಕಾಗುತ್ತದೆ. ಅದಕ್ಕೇ ನಕಲು.

ರೀಪರ್‌ನಲ್ಲಿ ಡ್ರೈ ಟ್ರ್ಯಾಕ್‌ನ ಮ್ಯೂಟ್ ತೆಗೆಯಿರಿ. ಅದರ ರೂಟಿಂಗ್ ಕಿಟಕಿ ತೆರೆದು ಮಾಸ್ಟರ್ ಸೆಂಡ್ ಗುರುತು ತೆಗೆಯಿರಿ, ಹಾರ್ಡ್‌ವೇರ್ ಔಟ್‌ಪುಟ್ ಆಗಿ ಯುಎಸ್‌ಬಿ 3/4 ಸೇರಿಸಿ. ಫೇಡರ್ ಸೊನ್ನೆ ಡಿಬಿಯಲ್ಲಿ. ಟ್ರ್ಯಾಕ್ ಮೇಲೆ ಯಾವ ಪ್ಲಗಿನ್ನೂ ಬೇಡ. ಹೊಸ ಸ್ಟೀರಿಯೋ ಟ್ರ್ಯಾಕ್ ಮಾಡಿ, ಇನ್‌ಪುಟ್ ಯುಎಸ್‌ಬಿ 1 ಮತ್ತು 2, ಮಾನಿಟರ್ ಆಫ್, ಆರ್ಮ್ ಮಾಡಿ. ಪ್ಲೇ ಒತ್ತಿದರೆ ನಿಮ್ಮದೇ ಕೈ ಯೂನಿಟ್ ಮೂಲಕ ಮತ್ತೆ ನುಡಿಯುತ್ತದೆ. ಕೈ ಖಾಲಿ ಇರುವುದರಿಂದ ನಾಬ್ ತಿರುಗಿಸುತ್ತಾ, ಆಂಪ್ ಬದಲಿಸುತ್ತಾ ಪೂರ್ತಿ ಹಾಡಿನ ಜೊತೆ ಕೇಳಬಹುದು. ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟವಾದ ಗಳಿಗೆ ಇದು. ನುಡಿಸುವ ಒತ್ತಡ ಇಲ್ಲದೆ ಕೇಳುವುದಷ್ಟೇ ಉಳಿದಿರುತ್ತದೆ. ಸರಿ ಅನಿಸಿದಾಗ ರೆಕಾರ್ಡ್ ಒತ್ತಿ. ಹಾಡು ಎಷ್ಟು ಉದ್ದವೋ ಅಷ್ಟೇ ಹೊತ್ತು ಹಿಡಿಯುತ್ತದೆ.

ಇಲ್ಲಿ ಲೆವೆಲ್ ಯಾಕೆ ಮುಖ್ಯ ಅಂದರೆ, ಆಂಪ್ ಮಾಡೆಲ್ ಎಷ್ಟು ಒಡೆಯುತ್ತದೆ ಅನ್ನುವುದು ಒಳಗೆ ಬರುವ ಸದ್ದಿನ ಗಾತ್ರದ ಮೇಲೆ ನಿಂತಿದೆ. ಡ್ರೈ ಟ್ರ್ಯಾಕ್ ಅನ್ನು 6 ಡಿಬಿ ಏರಿಸಿ ಕಳಿಸಿದರೆ ಬೇರೆ ಬಿಸಿ ಪಿಕಪ್ ಹಾಕಿದ ಹಾಗೆ. ಕ್ಲೀನ್ ಇದ್ದದ್ದು ಕರಕರ ಅನ್ನುತ್ತದೆ. ಅದಕ್ಕೇ ಮೊದಲ ಸಲ ಒಂದು ಪರೀಕ್ಷೆ ಮಾಡಿಕೊಳ್ಳಿ. ಯಾವ ನಾಬೂ ಮುಟ್ಟದೆ, ಮೂಲ ಪ್ರಿಸೆಟ್‌ನ ನಕಲಿನಲ್ಲೇ ಡ್ರೈ ಟ್ರ್ಯಾಕ್ ಅನ್ನು ರೀಆಂಪ್ ಮಾಡಿ. ಬಂದದ್ದನ್ನು ಆವತ್ತು ನೇರ ರೆಕಾರ್ಡ್ ಆದ ಟ್ರ್ಯಾಕ್ ಜೊತೆ ಹೋಲಿಸಿ. ಗೇನ್ ಮತ್ತು ಜೋರು ಎರಡರಲ್ಲೂ ಒಂದೇ ಥರ ಇರಬೇಕು. ಹೊಸದು ಜಾಸ್ತಿ ಕರಕರ ಅಂದರೆ ಡ್ರೈ ಟ್ರ್ಯಾಕ್‌ನ ಫೇಡರ್ ಇಳಿಸಿ, ಮೊಂಡಾಗಿದ್ದರೆ ಏರಿಸಿ. ಒಮ್ಮೆ ಅಳತೆ ಸಿಕ್ಕರೆ ಟೆಂಪ್ಲೇಟ್‌ನಲ್ಲೇ ಹಾಗೆ ಇಟ್ಟುಬಿಡಿ.

ಅದೇ ಹೋಲಿಕೆಯಲ್ಲಿ ಸಮಯವನ್ನೂ ನೋಡಿ. ಎರಡೂ ಟ್ರ್ಯಾಕ್‌ನ ಒಂದು ಗಟ್ಟಿ ಮೀಟನ್ನು ದೊಡ್ಡದು ಮಾಡಿ ನೋಡಿ. ರೀಆಂಪ್ ಆದದ್ದು ಒಂದಿಷ್ಟು ಸ್ಯಾಂಪಲ್ ಹಿಂದೆ ಬಿದ್ದಿದ್ದರೆ, ಪ್ರಿಫರೆನ್ಸಸ್‌ನ ಆಡಿಯೋ ಕೆಳಗೆ ರೆಕಾರ್ಡಿಂಗ್ ಪುಟದಲ್ಲಿ ಔಟ್‌ಪುಟ್ ಮತ್ತು ಇನ್‌ಪುಟ್ ಆಫ್‌ಸೆಟ್ ಕೊಡುವ ಜಾಗ ಇದೆ. ಆ ಸಂಖ್ಯೆ ಅಲ್ಲಿ ತುಂಬಿ. ಒಂದೇ ಒಂದು ಟ್ರ್ಯಾಕ್ ಆದರೆ ಕೈಯಿಂದಲೇ ಹಿಂದಕ್ಕೆ ಸರಿಸಿದರೂ ಆಯಿತು.

ವೀಣೆ, ಪಿಟೀಲು, ಮತ್ತೆ ದನಿ

ಪಿಕಪ್ ಅಂಟಿಸಿದ ಪಿಟೀಲು, ವೀಣೆ, ಅಕೂಸ್ಟಿಕ್ ಗಿಟಾರ್ ನುಡಿಸುವವರಿಗೂ ಈ ದಾರಿ ಚೆನ್ನಾಗಿ ಒದಗುತ್ತದೆ. ಇಂಥ ಅಂಟಿಸುವ ಪೀಜೋ ಪಿಕಪ್‌ಗೆ ಹೈ ಇಂಪೀಡೆನ್ಸ್ ಇನ್‌ಪುಟ್ (ಪಿಕಪ್‌ನಿಂದ ಕರೆಂಟ್ ಅಷ್ಟಾಗಿ ಎಳೆಯದ್ದು) ಬೇಕು. ಲ್ಯಾಪ್‌ಟಾಪ್‌ನ ಮೈಕ್ ಸಾಕೆಟ್‌ಗೆ ಚುಚ್ಚಿದರೆ ತೆಳ್ಳಗೆ, ಕರ್ಕಶವಾಗಿ ಬರುವುದು ಅದಕ್ಕೇ. ಎಚ್‌ಎಕ್ಸ್ ಸ್ಟಾಂಪ್‌ನಲ್ಲಿ ಇನ್‌ಪುಟ್ ಇಂಪೀಡೆನ್ಸ್ ಅನ್ನು 1 ಮೆಗಾಓಮ್‌ಗೆ ಇಡಿ. ಆಂಪ್ ಬ್ಲಾಕ್ ತೆಗೆದು, ಈಕ್ಯೂ, ಹಗುರ ಕಂಪ್ರೆಸರ್ (ಜೋರು, ಮೆಲ್ಲಗಿನ ನಡುವಿನ ಅಂತರ ತಗ್ಗಿಸುವ ಎಫೆಕ್ಟ್), ಸ್ವಲ್ಪ ರಿವರ್ಬ್ ಇಷ್ಟೇ ಇಟ್ಟುಕೊಳ್ಳಿ. ಗಮಕ ಇರುವ ಕಡೆ ಕಂಪ್ರೆಸರ್ ಜೋರಾದರೆ ಸ್ವರದ ಬಾಲವೆಲ್ಲ ಒಂದೇ ಎತ್ತರಕ್ಕೆ ಬಂದು ಜೀವ ಹೋಗುತ್ತದೆ. ಅದನ್ನು ಕಡಿಮೆ ಇಡಿ ಅಥವಾ ಬಿಟ್ಟೇಬಿಡಿ.

ದನಿಗೆ ಮಾತ್ರ ಈ ಯೂನಿಟ್ ಸಾಲದು. ಮೈಕ್ ಸಾಕೆಟ್ ಇಲ್ಲ, ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಇಲ್ಲ. ಅದೇ ಕುಟುಂಬದ ದೊಡ್ಡಣ್ಣ ಹೀಲಿಕ್ಸ್ ಫ್ಲೋರ್‌ನಲ್ಲಿ ಎರಡೂ ಇವೆ. ಪಿನ್ ಬದಲಿಸಿ ಮೈಕ್ ಅನ್ನು ಗಿಟಾರ್ ಇನ್‌ಪುಟ್‌ಗೆ ಚುಚ್ಚುವ ಪ್ರಯತ್ನ ಮಾಡಿದ್ದೇನೆ. ಸದ್ದು ಬರುತ್ತದೆ, ಜೊತೆಗೆ ಹಿಸ್ ಕೂಡ. ಹಾಡುವುದು ನಿಮಗೆ ಮುಖ್ಯವಾದರೆ ಎರಡು ಚಾನೆಲ್‌ನ ಸಣ್ಣ ಇಂಟರ್‌ಫೇಸ್ ಒಂದು ತೆಗೆದುಕೊಳ್ಳಿ, ದುಡ್ಡು ಅಲ್ಲಿಗೆ ಹೋಗಲಿ. ವಿಂಡೋಸ್‌ನಲ್ಲಿ ರೀಪರ್ ಒಂದು ಸಲಕ್ಕೆ ಒಂದೇ ಏಸಿಯೋ ಡಿವೈಸ್ ಹಿಡಿಯುತ್ತದೆ. ಗಿಟಾರ್ ಮುಗಿಸಿ, ಡಿವೈಸ್ ಬದಲಿಸಿ, ಆಮೇಲೆ ಹಾಡಿ. ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್‌ಗೆ ಹೋಗಿ ಎರಡನ್ನೂ ಸೇರಿಸಿ ಒಂದೇ ಡಿವೈಸ್ ಮಾಡಿಕೊಳ್ಳಬಹುದು.

ಎದ್ದು ಹೋಗುವ ಮುಂಚೆ

ಡ್ರೈ ಟ್ರ್ಯಾಕ್‌ಗೆ ಹೆಸರು ಕೊಡಿ: ಹಾಡು, ಯಾವ ಗಿಟಾರ್, ಯಾವ ಪಿಕಪ್, ಟ್ಯೂನಿಂಗ್, ಬಿಪಿಎಂ (ಲಯದ ವೇಗ). ಆರು ತಿಂಗಳ ನಂತರ ಆ ಫೈಲ್ ತೆರೆದಾಗ ಇದೇ ದಾರಿದೀಪ. ಎಚ್‌ಎಕ್ಸ್ ಎಡಿಟ್‌ನಿಂದ ಆವತ್ತಿನ ಪ್ರಿಸೆಟ್ ಅನ್ನು ಎಕ್ಸ್‌ಪೋರ್ಟ್ ಮಾಡಿ ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಹಾಕಿ. ಫರ್ಮ್‌ವೇರ್ ಹೊಸದು ಬಂದರೆ ಹಾಡು ಅರ್ಧದಲ್ಲಿರುವಾಗ ಹಾಕಬೇಡಿ. ಹಾಕಲೇಬೇಕಾದರೆ ಮೊದಲು ಪೂರ್ತಿ ಬ್ಯಾಕಪ್ ತೆಗೆಯಿರಿ. ಕೊನೆಯದಾಗಿ, ಪ್ರಾಜೆಕ್ಟ್ ಫೋಲ್ಡರ್ ಅನ್ನು ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿ, ಆಮೇಲೆ ಯೂನಿಟ್ ಸ್ವಿಚ್ ಆಫ್ ಮಾಡಿ.